ನಾಡ ಗಿಡ, ಹೊರನಾಡ ಗಿಡ: ಬಯಲುಸೀಮೆಯ ಮನೆಗೊಂದು ಕೈತೋಟ

ಮನೆ ಕಟ್ಟಿ ಮುಗಿದ ಮೇಲೆ ಉಳಿದ ನೆಲದಲ್ಲಿ ನಾಲ್ಕು ಗಿಡ ಹಚ್ಚಬೇಕೆಂಬ ಬಯಕೆ ಎಲ್ಲ ಗೃಹಸ್ಥರಿಗೂ ಸಹಜವಾದುದು. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಂಥ ಊರುಗಳಲ್ಲಿ ಈ ಬಯಕೆಯ ಕಥೆ ಬಹುಮಟ್ಟಿಗೆ ಒಂದೇ ತೆರನಾಗಿ ಮುಗಿಯುತ್ತದೆ. ಜೂನ್ ತಿಂಗಳಲ್ಲಿ ಮೋಡ ಕಂಡೊಡನೆ ಮನೆಗೆ ಸಸಿಗಳು ಬರುತ್ತವೆ. ದೀಪಾವಳಿಗೆ ಅಂಗಳ ಹಸಿರಾಗಿ ಕಾಣುತ್ತದೆ. ಯುಗಾದಿಯ ಹೊತ್ತಿಗೆ ಎಲೆಗಳು ಬಾಡುತ್ತವೆ; ಮೇ ತಿಂಗಳಲ್ಲಿ ಒಣಗಿದ ಕಡ್ಡಿಗಳು ಮಾತ್ರ ಉಳಿಯುತ್ತವೆ. ಮರುವರ್ಷ ಮತ್ತೆ ಅದೇ ಹುರುಪು, ಅದೇ ಖರ್ಚು. ಇದಕ್ಕೆ ಕೈಗುಣವನ್ನು ದೂರುವುದು ವಾಡಿಕೆ. ದೋಷ ಕೈಯದಲ್ಲ, ಗಿಡಗಳ ಆಯ್ಕೆಯದು, ಅದಕ್ಕಿಂತ ಹೆಚ್ಚಾಗಿ ಅವುಗಳ ಜೋಡಣೆಯದು.

ಈ ಸೀಮೆಯಲ್ಲಿ ಈ ವಿಷಯಕ್ಕೆ ವಿಶೇಷವಾದ ತೂಕವಿದೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟೆಯ ಶಂಕುಸ್ಥಾಪನೆಯಾದದ್ದು 1964ರಲ್ಲಿ. ಆ ಕಟ್ಟೆಯ ಹಿನ್ನೀರಿಗೆ ಅನೇಕ ಹಳ್ಳಿಗಳೂ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳೂ ಸೇರಿಹೋದವು. ಜನ ನವನಗರಕ್ಕೂ ಪುನರ್ವಸತಿ ಊರುಗಳಿಗೂ ಬಂದರು. ಬಾಗಿಲು, ಕಂಬ, ತೊಲೆಗಳನ್ನು ಗಾಡಿಯಲ್ಲಿ ಹೇರಿ ತರಬಹುದಾಗಿತ್ತು. ಹಿತ್ತಿಲ ಬೇವಿನ ಮರವನ್ನು ಹೇರಿ ತರುವಂತಿರಲಿಲ್ಲ. ಅಜ್ಜ ನೆಟ್ಟ ನೆರಳನ್ನು ಮೊಮ್ಮಗ ಮತ್ತೆ ಮೊದಲಿನಿಂದ ನೆಡಬೇಕಾಯಿತು. ಹೀಗಿರುವಾಗ, ಇಂದು ನೆಡುವ ಗಿಡ ಮೂವತ್ತು ವರ್ಷ ನಿಂತೀತೆ, ಮೂರೇ ಬೇಸಿಗೆಗೆ ಮುಗಿದೀತೆ ಎಂಬ ಪ್ರಶ್ನೆ ಬರಿಯ ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೊದಲು ನಮ್ಮ ನೆಲ, ನಮ್ಮ ಹವೆಗಳನ್ನು ತಿಳಿದುಕೊಳ್ಳೋಣ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 550ರಿಂದ 600 ಮಿಲಿಮೀಟರು. ಅದರಲ್ಲಿ ದೊಡ್ಡ ಪಾಲು ಬರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ನವೆಂಬರಿನಿಂದ ಮೇ ತಿಂಗಳವರೆಗೆ ಬಾನು ಬಹುತೇಕ ಬರಿದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಬೆಂಗಳೂರಿನಲ್ಲಿ ಮಳೆ 900 ಮಿಲಿಮೀಟರು ದಾಟುತ್ತದೆ. ಅಲ್ಲಿಯ ಬೇಸಿಗೆಯೂ ಮೃದು. ಅಲ್ಲಿನ ಸಸಿಮಡಿಗಳಲ್ಲಿ ನಗುವ ಗಿಡ ಇಲ್ಲಿಯೂ ನಗಬೇಕೆಂಬ ನಿಯಮವಿಲ್ಲ.

ನೆಲವೂ ಒಂದೇ ಬಗೆಯದಲ್ಲ. ನದಿಗಳ ಬಯಲಿನಲ್ಲಿ ಎರೆಭೂಮಿ; ಬಾದಾಮಿಯ ಗುಡ್ಡಗಳ ಸುತ್ತ ಮರಳುಗಲ್ಲು ಸವೆದು ಆದ ತೆಳುವಾದ ಕೆಂಪು ಮಣ್ಣು; ಇಳಕಲ್ಲಿನ ಕಡೆ ಕೆಂಪು ಗ್ರಾನೈಟಿನ ಮೇಲಿನ ಮಸಾರಿ, ಗರಸು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಆ ಬಿರುಕಿನಲ್ಲಿ ಎಳೆಯ ಬೇರುಗಳು ಹರಿಯುತ್ತವೆ. ಅದರಲ್ಲಿ ಸುಣ್ಣದ ಅಂಶವೂ ಹೆಚ್ಚು. ಅಂಥ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕೆಲವು ಗಿಡಗಳ ಬೇರಿಗೆ ಅದು ದಕ್ಕುವುದಿಲ್ಲ. ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ, ಆ ಗಿಡಕ್ಕೆ ಬೇಕಾದದ್ದು ಹೆಚ್ಚು ನೀರಲ್ಲ, ಬೇರೆ ಮಣ್ಣು ಎಂದು ತಿಳಿಯಬೇಕು. ಮಲೆನಾಡಿನ ಕೇಪಳ ಇಲ್ಲಿ ಹೀಗೆ ಸೊರಗುವುದುಂಟು. ಅದೇ ನೆಲದಲ್ಲಿ, ಸಾವಿರಾರು ಮೈಲಿ ದೂರದ ಬ್ರೆಜಿಲ್ ದೇಶದ ಬೋಗನ್‌ವಿಲ್ಲಾ ಹೊರೆಗಟ್ಟಲೆ ಹೂ ಬಿಡುತ್ತದೆ.

ಈ ಉದಾಹರಣೆ ನಮ್ಮನ್ನು ಮುಖ್ಯ ಪ್ರಶ್ನೆಗೆ ತರುತ್ತದೆ. ನಾಡ ಗಿಡ ಯಾವುದು, ಹೊರನಾಡ ಗಿಡ ಯಾವುದು? ನಮ್ಮ ಅಡುಗೆಮನೆಯನ್ನೇ ನೋಡಿ. ಒಣಮೆಣಸಿನಕಾಯಿ, ಟೊಮೆಟೊ, ಪೇರಲ, ಪಪ್ಪಾಯಿ, ಸೀತಾಫಲ, ಚಿಕ್ಕು, ಶೇಂಗಾ ಇವೆಲ್ಲ ಅಮೆರಿಕ ಖಂಡದಿಂದ ಬಂದವು; ಪೋರ್ಚುಗೀಸರು ಭಾರತದ ತೀರಕ್ಕೆ ಬಂದದ್ದೇ 1498ರಲ್ಲಿ. ಹುಣಸೆ ಬಹು ಹಿಂದೆಯೇ ಆಫ್ರಿಕದಿಂದ ಬಂದು ನೆಲೆಸಿತು. ಗುಡಿಯ ಅಂಗಳದ ದೇವಕಣಗಿಲೆಯ ಹೆಸರಿನಲ್ಲಿಯೇ ದೇವರಿದ್ದಾನೆ. ಅದರ ತವರು ಮಾತ್ರ ಮಧ್ಯ ಅಮೆರಿಕ. ಸೇವಂತಿಗೆ ಚೀನದ್ದು, ಚೆಂಡು ಹೂ ಮೆಕ್ಸಿಕೋದ್ದು. ದೀಪಾವಳಿಗೆ ಸೆಗಣಿಯ ಪಾಂಡವರನ್ನು ಮಾಡಿ ಇಡುವಾಗ ನಮ್ಮ ಹೆಣ್ಣುಮಕ್ಕಳು ಬೇಲಿಯ ಉತ್ತರಾಣಿಯನ್ನೂ ಮೆಕ್ಸಿಕೋದ ಚೆಂಡು ಹೂವನ್ನೂ ಒಟ್ಟಿಗೇ ಸಿಕ್ಕಿಸುತ್ತಾರೆ. ಹೊರಗಿನದು ಎಂಬ ಒಂದೇ ಕಾರಣಕ್ಕೆ ಗಿಡವನ್ನು ದೂರವಿಟ್ಟರೆ ನಮ್ಮ ಊಟವೂ ಹಬ್ಬವೂ ಸಪ್ಪೆಯಾಗುತ್ತವೆ.

ಹಾಗಾದರೆ ಭೇದವೇ ಬೇಡವೆ? ಬೇಕು. ಆದರೆ ತವರನ್ನು ಕೇಳುವುದರ ಜೊತೆಗೆ ನಾಲ್ಕು ಪ್ರಶ್ನೆಗಳನ್ನು ಹಾಕಬೇಕು. ಚೈತ್ರ, ವೈಶಾಖದಲ್ಲಿ ಈ ಗಿಡ ಎಷ್ಟು ನೀರು ಕೇಳುತ್ತದೆ? ನಮ್ಮ ಮಣ್ಣು ಇದಕ್ಕೆ ಒಗ್ಗುತ್ತದೆಯೆ? ಹಾಕಿದ ಜಾಗದಲ್ಲಿಯೇ ಇರುತ್ತದೆಯೆ, ಇಲ್ಲವೆ ಬೇಲಿ ಹಾರಿ ಊರನ್ನೆಲ್ಲ ಆವರಿಸುತ್ತದೆಯೆ? ನಮಗಲ್ಲದೆ ಇದು ಇನ್ನು ಯಾರಿಗೆ ಉಣಿಸುತ್ತದೆ? ಈ ನಾಲ್ಕಕ್ಕೂ ಒಳ್ಳೆಯ ಉತ್ತರ ಕೊಡುವ ಗಿಡಗಳಲ್ಲಿ ಹೆಚ್ಚಿನವು ನಾಡ ಗಿಡಗಳೇ ಆಗಿರುತ್ತವೆ; ಏಕೆಂದರೆ ಸಾವಿರಾರು ಬರಗಾಲಗಳು ಅವನ್ನು ಆಗಲೇ ಪರೀಕ್ಷಿಸಿ ನೋಡಿವೆ.

ತೋಟದ ಜೋಡಣೆಗೆ ನಮ್ಮ ಇಳಕಲ್ಲಿನ ಸೀರೆಯೇ ಒಳ್ಳೆಯ ಮಾದರಿ. ಅದರ ಒಡಲು ಹತ್ತಿಯದು, ದಿನಬಳಕೆಯನ್ನು ತಡೆಯುವಂಥದು. ಸೆರಗು ರೇಷ್ಮೆಯದು, ಕಣ್ಣು ಸೆಳೆಯುವಂಥದು. ಇವೆರಡರ ಎಳೆಗಳನ್ನು ನೇಕಾರ ಕೊಂಡಿ ಹಾಕಿ ಬೆಸೆಯುತ್ತಾನೆ. ಸೀರೆಯುದ್ದಕ್ಕೂ ಸೆರಗನ್ನೇ ನೆಯ್ಯುವವರಿಲ್ಲ. ಕೈತೋಟದಲ್ಲಿಯೂ ಹಾಗೆ: ಒಡಲು ನಾಡ ಗಿಡಗಳದ್ದಾಗಿರಲಿ, ಬಾಗಿಲ ಬಳಿಯ, ನೀರಿಗೆ ಹತ್ತಿರವಾದ ಸಣ್ಣ ಭಾಗ ಹೊರನಾಡ ಗಿಡಗಳ ಸೆರಗಾಗಲಿ. ನಡುವೆ ಕೊಂಡಿಯಂತೆ ಎರಡನ್ನೂ ಕೂಡಿಸುವುದು ನೆರಳು ಮತ್ತು ನೀರಿನ ಕಾಲುವೆ.

ಒಡಲಿನಿಂದ ಆರಂಭಿಸೋಣ. ಮೇ ತಿಂಗಳ ಮೊದಲ ವಾರದಲ್ಲಿ ನಮ್ಮ ಊರುಗಳಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಕಾಲದಲ್ಲಿ ಗೋಡೆ ಕಾಯುವುದು ಇಳಿಹೊತ್ತಿನ ಬಿಸಿಲಿಗೆ, ಎಂದರೆ ಪಡುವಣ ದಿಕ್ಕಿನಿಂದ. ಆದ್ದರಿಂದ ನೆರಳಿನ ಮರಕ್ಕೆ ಮನೆಯ ಪಶ್ಚಿಮವೇ ತಕ್ಕ ಸ್ಥಳ. ದೊಡ್ಡ ನಿವೇಶನವಿದ್ದರೆ ಗೋಡೆಯಿಂದ 15–20 ಅಡಿ ದೂರಕ್ಕೆ ಬೇವು ಅಥವಾ ಹೊಂಗೆ ಹಚ್ಚಿ. ಬೇವು ಕಡು ಬೇಸಿಗೆಯ ಮುಂಚೆ ಎಲೆ ಉದುರಿಸಿ, ಬಿಸಿಲು ಬಲಿಯುವ ಹೊತ್ತಿಗೆ ಹೊಸ ಚಿಗುರು ತಳೆದು ನಿಲ್ಲುತ್ತದೆ; ಯುಗಾದಿಗೆ ಹೂವನ್ನೂ ಕೊಡುತ್ತದೆ. ಹೊಂಗೆಯೂ ವಸಂತದಲ್ಲಿಯೇ ಚಿಗುರಿ ದಟ್ಟ ನೆರಳು ಕೊಡುವ ಮರ. ಹಳದಿಯ ಗೊಂಚಲುಗಳನ್ನು ಇಳಿಬಿಡುವ ಕಕ್ಕೆ ಏಪ್ರಿಲ್, ಮೇ ತಿಂಗಳ ಸೊಬಗು. ಮೂರಕ್ಕೂ ಮೊದಲ ಎರಡು ಬೇಸಿಗೆ ನೀರು ಹಾಕಿದರೆ ಸಾಕು. ಮುಂದೆ ಅವು ತಮ್ಮ ದಾರಿ ತಾವೇ ಕಂಡುಕೊಳ್ಳುತ್ತವೆ.

ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನದಲ್ಲಿ ಮನೆ ಕಟ್ಟಿಕೊಂಡವರು ಬೇವನ್ನು ಒಳಗೆ ಹಚ್ಚುವ ಆಸೆಯನ್ನು ಬಿಡುವುದು ಲೇಸು. ಎರೆಮಣ್ಣಿನಲ್ಲಿ ದೊಡ್ಡ ಮರದ ಬೇರು ತಳಪಾಯದ ಪಕ್ಕದ ತೇವವನ್ನು ಹೀರಿದರೆ ನೆಲ ಕುಗ್ಗಿ ಗೋಡೆ ಬಿರಿಯಬಹುದು. ಆಲ, ಅರಳಿ, ಅತ್ತಿಗಳನ್ನಂತೂ ಮನೆಯ ಮಗ್ಗುಲಿಗೆ ತರಲೇಬಾರದು. ಇಂಥ ಮನೆಗಳಿಗೆ ನುಗ್ಗೆ, ಕರಿಬೇವು, ಪಾರಿಜಾತ, ನಿಂಬೆಗಳೇ ಮರಗಳು. ಬೇವನ್ನು ಓಣಿಯವರೆಲ್ಲ ಕೂಡಿ ರಸ್ತೆಯ ಬದಿಗೆ ಹಚ್ಚಿ ಸಾಕಬಹುದು.

ಬೇಲಿಗೆ ಕವಳಿ, ಲಕ್ಕಿ, ಮದರಂಗಿ ಉತ್ತಮ. ಕವಳಿಯ ಮುಳ್ಳು ಆಡನ್ನು ತಡೆಯುತ್ತದೆ, ಹಣ್ಣು ಮಕ್ಕಳನ್ನು ಕರೆಯುತ್ತದೆ. ಬೇಲಿಯ ಒಳಬದಿಗೆ ಆವರಿಕೆಯ ಸಾಲು ಬಂದರೆ ಹಳದಿ ಅಂಚು ಹಾಕಿದಂತೆ. ನೀರಿನ ಬಗ್ಗೆ ಅದು ಕೇಳುವುದೇ ಇಲ್ಲ. ಕಿಟಕಿಯ ಬಳಿ ಮಲ್ಲಿಗೆ, ಬಾಗಿಲ ಎದುರಿಗೆ ತುಳಸಿ, ಮೂಲೆಯಲ್ಲಿ ನಂದಿಬಟ್ಟಲು, ಕಂಬಕ್ಕೆ ಅಮೃತಬಳ್ಳಿ. ಇಷ್ಟಾದರೆ ತೋಟದ ಒಡಲು ಸಿದ್ಧವಾದಂತೆ.

ಇನ್ನು ಸೆರಗು. ಹೊರನಾಡ ಗಿಡಗಳನ್ನು ಎರಡು ಗುಂಪು ಮಾಡಿಕೊಳ್ಳಿ: ಬಾಯಾರದವು, ಬಾಯಾರುವವು. ಬೋಗನ್‌ವಿಲ್ಲಾ, ದೇವಕಣಗಿಲೆ, ಲೋಳೆಸರ ಮೊದಲನೆಯ ಗುಂಪಿನವು. ಬೋಗನ್‌ವಿಲ್ಲಾಕ್ಕೆ ಆ ಹೆಸರು ಬಂದದ್ದು 1766ರಿಂದ 1769ರವರೆಗೆ ಭೂಮಿಯನ್ನು ಸುತ್ತಿದ ಫ್ರೆಂಚ್ ನಾವಿಕ ಬೋಗನ್‌ವಿಲ್‌ನಿಂದ. ಅವನ ಹಡಗಿನ ಸಸ್ಯಶಾಸ್ತ್ರಜ್ಞ ಅದನ್ನು ಬ್ರೆಜಿಲಿನಲ್ಲಿ ಕಂಡ. ನೀರು ಹೆಚ್ಚಾದರೆ ಅದು ಎಲೆ ಬಿಡುತ್ತದೆ, ಕಡಿಮೆಯಾದರೆ ಹೂ ಬಿಡುತ್ತದೆ. ಬಯಲುಸೀಮೆಗೆ ಇದಕ್ಕಿಂತ ತಕ್ಕ ಅತಿಥಿ ಬೇಕೆ? ಗುಲಾಬಿ, ಕ್ರೋಟನ್, ಆಂಥೂರಿಯಂ, ಹುಲ್ಲುಹಾಸು ಎರಡನೆಯ ಗುಂಪಿನವು. ಇವುಗಳಲ್ಲಿ ಇಷ್ಟವಾದ ಒಂದೆರಡನ್ನು ಕುಂಡದಲ್ಲಿ, ಮೂಡಣ ಬಿಸಿಲು ಮಾತ್ರ ತಾಗುವ ಕಟ್ಟೆಯ ಮೇಲೆ ಸಾಕಿರಿ. ಕುಂಡದಲ್ಲಿ ಮಣ್ಣು ನಮ್ಮ ಕೈಯಲ್ಲಿರುತ್ತದೆ; ಕೆಂಪು ಮಣ್ಣು, ಮರಳು, ಹಳೆಯ ಗೊಬ್ಬರ ಬೆರೆಸಿ ಸುಣ್ಣದ ಕಾಟವನ್ನು ತಪ್ಪಿಸಬಹುದು.

ಹುಲ್ಲುಹಾಸಿನ ಬಗ್ಗೆ ಒಂದು ಲೆಕ್ಕ ಹೇಳಬೇಕು. ಕಡು ಬೇಸಿಗೆಯಲ್ಲಿ ಹಸಿರು ಹಾಸು ಒಂದು ಚದರ ಮೀಟರಿಗೆ ದಿನವೂ ಐದಾರು ಲೀಟರು ನೀರನ್ನು ಗಾಳಿಗೆ ಬಿಡುತ್ತದೆ. ಕೇವಲ ಹತ್ತು ಚದರ ಮೀಟರಿನ ಹಾಸಿಗೆ ಐವತ್ತು ಅರವತ್ತು ಲೀಟರು. ನಾಲ್ಕೈದು ಕೊಡ ನೀರು. ನಳಕ್ಕೆ ಕಾದು ಕೂಡುವ ಊರಿನಲ್ಲಿ ಅಷ್ಟು ನೀರನ್ನು ಕಾಲಡಿಗೆ ಸುರಿಯುವ ಬದಲು ಅಂಗಳಕ್ಕೆ ಕಲ್ಲು ಚಪ್ಪಡಿ ಹಾಸಿ, ಸಂದಿಯಲ್ಲಿ ಗರಿಕೆ ಬೆಳೆಯಗೊಟ್ಟರೆ ಸಾಕು.

ನೀರು ಎಲ್ಲಿಂದ ಬರಬೇಕು? ಎರಡು ಮೂಲಗಳು ಮನೆಯಲ್ಲಿಯೇ ಇವೆ. ಒಂದು ಚದರ ಮೀಟರು ಮಾಳಿಗೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. 65 ಚದರ ಮೀಟರಿನ, ಎಂದರೆ ಸುಮಾರು 700 ಚದರ ಅಡಿಯ ಮಾಳಿಗೆಯ ಮೇಲೆ 550 ಮಿಲಿಮೀಟರು ಮಳೆಯಾದರೆ 35,000 ಲೀಟರು ದಾಟುತ್ತದೆ. ಐದರಲ್ಲಿ ಒಂದು ಪಾಲು ಆರಿ ಸೋರಿ ಹೋದರೂ 28,000 ಲೀಟರಿಗೆ ಮೋಸವಿಲ್ಲ. ಅದನ್ನು ಬೀದಿಯ ಗಟಾರಕ್ಕೆ ಬಿಡದೆ ಒಂದಿಷ್ಟು ತೊಟ್ಟಿಗೂ ಉಳಿದದ್ದು ಮರಗಳ ಸುತ್ತ ತೋಡಿದ ಇಂಗುಗುಂಡಿಗೂ ಹೋಗುವಂತೆ ಮಾಡಿ. ಎರೆಮಣ್ಣಿನಲ್ಲಿ ಇಂಗುಗುಂಡಿ ತಳಪಾಯದಿಂದ ದೂರವಿರಲಿ.

ಎರಡನೆಯ ಮೂಲ ಬಚ್ಚಲು. ಐದು ಜನರ ಮನೆಯಲ್ಲಿ ಸ್ನಾನಕ್ಕೆ ತಲೆಗೊಂದು ಬಕೀಟು ಎಂದರೂ ದಿನಕ್ಕೆ 75ರಿಂದ 100 ಲೀಟರು. ಈ ನೀರನ್ನು ಜಲ್ಲಿ, ಮರಳು ತುಂಬಿದ ಸಣ್ಣ ಗುಂಡಿಯ ಮೂಲಕ ಹಾಯಿಸಿ, ಅದರ ಮೇಲೆ ಕೆಸು ಮತ್ತು ಕಾಬಾಳೆ ಹಚ್ಚಿ, ಮುಂದೆ ಬಾಳೆ, ತೆಂಗು, ಪಪ್ಪಾಯಿಗೆ ಹರಿಸಬೇಕು. ನೀರು ಕುಡಿಯುವ ಗಿಡಗಳೆಲ್ಲ ಹೀಗೆ ಹಿತ್ತಿಲ ಒಂದೇ ಮೂಲೆಯಲ್ಲಿ ಕೂಡುತ್ತವೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಸಾಬೂನಿನ ನೀರು ಬೇಡ. ಎರೆಮಣ್ಣು ವರ್ಷಗಟ್ಟಲೆ ಸಾಬೂನಿನ ಉಪ್ಪು ಹೀರಿದರೆ ಗಟ್ಟಿಯಾಗುತ್ತದೆ. ಮಳೆಗಾಲದ ಮೊದಲು ಜಿಪ್ಸಮ್ ಹಾಕಿ ಕೆದಕಿದರೆ ಸಡಿಲಾಗುತ್ತದೆ.

ತರಕಾರಿಯನ್ನು ಮರೆಯುವಂತಿಲ್ಲ. ಬಾದಾಮಿಯ ಬನಶಂಕರಿಗೆ ಶಾಕಾಂಬರಿ ಎಂಬ ಹೆಸರೂ ಉಂಟು. ಪುಷ್ಯ ಮಾಸದ ಜಾತ್ರೆಯ ಮೊದಲು ನಡೆಯುವ ಪಲ್ಯದ ಹಬ್ಬದಲ್ಲಿ ದೇವಿಗೆ 108 ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ನೂರೆಂಟು ಬೇಡ; ನಮ್ಮ ಹಿತ್ತಿಲಿನಲ್ಲಿ ಎಂಟಾದರೂ ಇರಲಿ. ನುಗ್ಗೆ, ಬದನೆ, ಅವರೆ, ಹೀರೆ, ತೊಂಡೆ, ರಾಜಗಿರಿ, ಪುಂಡಿ, ಬಸಳೆ ಇವು ಬಿಸಿಲಿಗೆ ಅಳುಕದವು.

ಲಾಲ್‌ಬಾಗಿನ ಇತಿಹಾಸದಿಂದಲೂ ಒಂದು ಪಾಠ ಕಲಿಯಬಹುದು. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟಕ್ಕೆ ಟಿಪ್ಪು ಹೊರದೇಶಗಳಿಂದ ಸಸಿ ತರಿಸಿದ. 1908ರಿಂದ ಅದನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗೆಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದ. ಅವನ ಮರಗಳನ್ನು ನಾವು ತರಬೇಕಾಗಿಲ್ಲ. ಅವನ ಉಪಾಯವನ್ನು ತರಬಹುದು. ಬೇಸಿಗೆಗೆ ಮಲ್ಲಿಗೆ, ಕಕ್ಕೆ; ಮಳೆಗಾಲದ ಕೊನೆಗೆ ಪಾರಿಜಾತ; ದಸರೆ, ದೀಪಾವಳಿಗೆ ಚೆಂಡು ಹೂ; ಚಳಿಗೆ ಸೇವಂತಿಗೆ; ಮುಂದೆ ಬೋಗನ್‌ವಿಲ್ಲಾ. ಹೀಗೆ ಆರಿಸಿದರೆ ಹೂವಿಲ್ಲದ ತಿಂಗಳೇ ಇರದು.

ಯಾರಿಗೆ ಉಣಿಸುತ್ತದೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಕರಿಬೇವು, ನಿಂಬೆಗಳ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳುವೇ ಮುಂದೆ ಕಪ್ಪು–ಹಳದಿ ಚುಕ್ಕೆಗಳ ನಿಂಬೆ ಚಿಟ್ಟೆಯಾಗುತ್ತದೆ. ಕಕ್ಕೆಯ ಎಲೆಯನ್ನು ತಿಂದು ಬೆಳೆಯುವ ಚಿಟ್ಟೆ ಬೇರೆ, ಎಕ್ಕೆಯನ್ನು ತಿನ್ನುವುದು ಬೇರೆ. ಗುಬ್ಬಿ, ಟುವ್ವಿ ಹಕ್ಕಿಗಳು ಮರಿಗಳನ್ನು ಸಾಕುವುದು ಇಂಥ ಹುಳುಗಳಿಂದಲೇ. ಎಲೆ ತೂತಾಯಿತೆಂದು ಒಡನೆಯೇ ಔಷಧ ಸಿಂಪಡಿಸಬೇಡಿ. ದೊಡ್ಡ ಗಿಡಕ್ಕೆ ನಾಲ್ಕು ಹುಳು ಭಾರವಲ್ಲ.

ಅತಿಥಿಗಳಲ್ಲಿ ಕೆಲವರಿಗೆ ಬಾಗಿಲು ತೆರೆಯಲೇಬಾರದು. ದಸರೆಗೆ ನಾವು ಕೈ ಮುಗಿಯುವ ಬನ್ನಿಯೂ ಬಯಲನ್ನೆಲ್ಲ ನುಂಗಿರುವ ಬಳ್ಳಾರಿ ಜಾಲಿಯೂ ಹತ್ತಿರದ ಬಂಧುಗಳೇ. ಬನ್ನಿ ಹೊಲದ ಬದುವಿನಲ್ಲಿ ಬೆಳೆಯೊಡನೆ ಬಾಳುತ್ತದೆ. ಅಮೆರಿಕದಿಂದ 19ನೆಯ ಶತಮಾನದಲ್ಲಿ ಬಂದ ಜಾಲಿ ತನ್ನ ಸುತ್ತ ಬೇರೆಯದನ್ನು ಬೆಳೆಯಗೊಡುವುದಿಲ್ಲ. ಚಂದದ ಹೂವೆಂದು ತಂದ ಲಂಟಾನ ಕಾಡನ್ನೇ ಮುತ್ತಿತು. ಕಾಂಗ್ರೆಸ್ ಗಿಡ 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡು ನಾಡೆಲ್ಲ ಹರಡಿತು. ಅದು ಹೂ ಬಿಡುವ ಮುಂಚೆಯೇ ಕೈಚೀಲ ಹಾಕಿಕೊಂಡು ಕಿತ್ತುಬಿಡಬೇಕು. ಮಡಗಾಸ್ಕರದ ಗುಲ್‌ಮೊಹರು ನೋಟಕ್ಕೆ ಚೆಲುವು, ಆದರೆ ಮುಂಗಾರಿನ ಮೊದಲ ಬಿರುಗಾಳಿಗೆ ಅದರ ಕೊಂಬೆ ಮುರಿಯುತ್ತದೆ. ಮನೆಯ ಪಕ್ಕಕ್ಕೆ ಸಲ್ಲದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಣಗಿಲೆ, ಅದರಲ್ಲೂ ಹಳದಿ ಕಣಗಿಲೆ, ಹಾಗೂ ಡುರಂಟ ಬೇಡ. ಕಣಗಿಲೆಯ ಎಲೆ, ಕಾಯಿ ಎಲ್ಲವೂ ವಿಷ. ಡುರಂಟದ ಹೊನ್ನಿನ ಬಣ್ಣದ ಹಣ್ಣೂ ವಿಷವೇ.

ಕೊನೆಗೆ ಕೆಲಸದ ಕ್ರಮ. ಏಪ್ರಿಲ್ ತಿಂಗಳಲ್ಲಿ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಎರೆಮಣ್ಣಾದರೆ ಕೆಂಪು ಮಣ್ಣು, ಮರಳು ಮತ್ತು ಗೊಬ್ಬರ ಬೆರೆಸಿ, ಗೆದ್ದಲಿಗಾಗಿ ಬೇವಿನ ಹಿಂಡಿ ಸೇರಿಸಿ ತುಂಬಿ. ಮರದ ಸಸಿಗಳನ್ನು ಜೂನ್, ಜುಲೈಯಲ್ಲಿ ಹಚ್ಚಿ. ಆಗ ಮಳೆ ಕೈಕೊಟ್ಟರೆ ಸೆಪ್ಟೆಂಬರಿನ ಮಳೆಗೆ ಹಚ್ಚಿದರೂ ನಡೆದೀತು. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಬೇವು, ಹೊಂಗೆಯ ಸಸಿ ಅಗ್ಗವಾಗಿ ದೊರೆಯುತ್ತವೆ. ಹಣ್ಣಿನ ಗಿಡಗಳ ವಿಷಯಕ್ಕೆ, 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ನಮ್ಮ ಬಾಗಲಕೋಟೆಯಲ್ಲಿಯೇ ಇದೆ. ಕೇಳಲು ಸಂಕೋಚ ಬೇಡ. ಎತ್ತರದ ಸಸಿಗಿಂತ ಮೊಣಕಾಲೆತ್ತರದ ಗಟ್ಟಿ ಸಸಿ ಮೇಲು.

ಸಸಿಯ ಪಕ್ಕದಲ್ಲಿ ಐದಾರು ಲೀಟರು ಹಿಡಿಯುವ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹುಗಿದು, ವಾರಕ್ಕೆ ಎರಡು ಬಾರಿ ನೀರು ತುಂಬಿ ಮುಚ್ಚಿಡಿ. ಒಸರುವ ನೀರನ್ನು ಬೇರು ಹುಡುಕಿಕೊಂಡು ಬರುತ್ತದೆ. ಬಿಸಿಲಿನ ಪಾಲಿಗೆ ಹನಿಯೂ ಹೋಗದು. ಬುಡದ ಸುತ್ತ ಶೇಂಗಾ ಹೊಟ್ಟು ಇಲ್ಲವೆ ಜೋಳದ ಕಣಿಕೆಯನ್ನು ನಾಲ್ಕು ಬೆರಳು ದಪ್ಪ ಹೊದಿಸಿ. ಕಾಂಡಕ್ಕೆ ಮಾತ್ರ ತಾಗದಿರಲಿ.

ಈ ಮಳೆಗಾಲಕ್ಕೆ ಮುನ್ನ ಒಂದು ಹಾಳೆಯ ಮೇಲೆ ನಿಮ್ಮ ಮನೆಯ ನಕ್ಷೆ ಬರೆಯಿರಿ. ಪಡುವಣ ಗೋಡೆ ಯಾವುದು, ಮಾಳಿಗೆಯ ನೀರು ಎಲ್ಲಿ ಬೀಳುತ್ತದೆ, ಬಚ್ಚಲ ನೀರು ಎತ್ತ ಹರಿಯುತ್ತದೆ ಎಂಬ ಮೂರನ್ನು ಗುರುತು ಮಾಡಿ. ಗಿಡಗಳ ಹೆಸರನ್ನು ಆಮೇಲೆ ಬರೆಯಿರಿ. ಮೊದಲು ನೆರಳಿನದು, ಬಳಿಕ ಅಡುಗೆಯದು, ಕೊನೆಗೆ ಅಂದದ್ದು. ಒಂದೇ ವರ್ಷ ಎಲ್ಲವನ್ನೂ ಹಚ್ಚಬೇಕಾಗಿಲ್ಲ. ಎರಡು ಬೇಸಿಗೆ ದಾಟಿಸಿದ ಒಂದು ಗಿಡ, ಪ್ರತಿ ಬೇಸಿಗೆಗೂ ಒಣಗುವ ಇಪ್ಪತ್ತು ಗಿಡಗಳಿಗಿಂತ ದೊಡ್ಡ ತೋಟ.